ಹೊಸ ಬೈಕ್: ಯಾವುದು ಮೊದಲು, ಯಾವುದು ಆಮೇಲೆ? ಬುಕ್ಕಿಂಗ್‌ನಿಂದ ಮಾಡಿಫಿಕೇಶನ್‌ವರೆಗೆ ಸಮಗ್ರ ಮಾರ್ಗದರ್ಶಿ

ಹೊಸ ಬೈಕ್ ತಗೊಂಡ ಕೆಲವೇ ತಿಂಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬ್ಯಾಟರಿ ಯಾಕೆ ಇಳಿಯುತ್ತಿದೆ? ಮುಂದಿನ ಬ್ರೇಕ್ ಯಾಕೆ ಹಿಡಿದುಕೊಳ್ಳುತ್ತಿದೆ? ಇನ್ಶೂರೆನ್ಸ್ ಕ್ಲೇಮ್ ಯಾಕೆ ಆಗಲಿಲ್ಲ? ಹೇಳಿದ್ದಕ್ಕಿಂತ ಅಷ್ಟೊಂದು ಜಾಸ್ತಿ ದುಡ್ಡು ಯಾಕೆ ಕಟ್ಟಬೇಕಾಯ್ತು? ಬೈಕ್ ಬೇರೆ, ಊರು ಬೇರೆ. ಕಾರಣ ಮಾತ್ರ ಒಂದೇ: ಕೆಲಸಗಳು ಹಿಂದುಮುಂದಾಗಿವೆ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಪೂರ್ತಿ ದುಡ್ಡು ಕಟ್ಟಿರುತ್ತಾರೆ. ನೂರು ಕಿಲೋಮೀಟರ್ ಓಡಿಸುವ ಮೊದಲೇ ಹ್ಯಾಂಡಲ್, ಸೀಟು, ಸೈಲೆನ್ಸರ್ ಎಲ್ಲ ಬದಲಾಗಿರುತ್ತದೆ.

ಇಲ್ಲಿರುವುದು 125 ಸಿಸಿಯಿಂದ 400 ಸಿಸಿ ಒಳಗಿನ ಪೆಟ್ರೋಲ್ ಬೈಕುಗಳ ಮಾತು, ಅದೂ ಕರ್ನಾಟಕದಲ್ಲಿ ನೋಂದಣಿ ಮಾಡಿಸುವವರಿಗೆ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದು ಕೆಡುತ್ತದೆ.

## ಹಂತ 1: ಬಜೆಟ್ಟನ್ನು ಹಿಂದಿನಿಂದ ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್ ಶೋರೂಮ್ ಬೆಲೆ. ನಿಮ್ಮ ಜೇಬಿನಿಂದ ಹೋಗುವುದು ಆನ್ ರೋಡ್ ಬೆಲೆ. ಇವೆರಡರ ಮಧ್ಯೆ ಕರ್ನಾಟಕದಲ್ಲಿ ದೊಡ್ಡ ಅಂತರವಿದೆ, ಯಾಕೆಂದರೆ ನಮ್ಮಲ್ಲಿ ಜೀವಿತಾವಧಿ ತೆರಿಗೆ ಜಾಸ್ತಿ. ಒಂದು ಲಕ್ಷ ದಾಟಿದ ಬೈಕಿಗೆ ಬೆಲೆಯ ಶೇ. 18ರಷ್ಟು ತೆರಿಗೆ, ಅದರ ಮೇಲೆ ಸೆಸ್. 1,50,000 ರೂಪಾಯಿಯ ಗಾಡಿಗೆ ತೆರಿಗೆಯೇ 27,000 ಆಯ್ತು. ನೋಂದಣಿ, ಇನ್ಶೂರೆನ್ಸ್ ಇನ್ನೂ ಬಾಕಿ.

ಜಿಎಸ್‌ಟಿಯನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. 349 ಸಿಸಿಯ ರಾಯಲ್ ಎನ್‌ಫೀಲ್ಡ್ ಹಂಟರ್ 350 ಕಡಿಮೆ ದರದಲ್ಲಿ ಬರುತ್ತದೆ, 399 ಸಿಸಿಯ ಬೈಕ್ ಬರುವುದಿಲ್ಲ. ಎಕ್ಸ್ ಶೋರೂಮ್ ಬೆಲೆಯೊಳಗೆ ಜಿಎಸ್‌ಟಿ ಸೇರಿಕೊಂಡಿರುವುದರಿಂದ ಇದು ಬೇರೆಯಾಗಿ ಕಾಣಿಸುವುದಿಲ್ಲ, ಅಷ್ಟೆ.

ಈಗ ಲೆಕ್ಕ ಹೀಗೆ ಮಾಡಿ. ಕೈಯಲ್ಲಿರುವ ಒಟ್ಟು ಮೊತ್ತ ಬರೆಯಿರಿ. ಅದರಲ್ಲಿ ಹೆಲ್ಮೆಟ್, ಗ್ಲೌಸ್, ಜಾಕೆಟ್, ಶೂಗಳ ದುಡ್ಡನ್ನು ಮೊದಲು ಕಳೆಯಿರಿ. ಆಮೇಲೆ ಮೊದಲ ವರ್ಷದ ಸರ್ವಿಸ್ ಮತ್ತು ಮಾಡಿಫಿಕೇಶನ್‌ಗೆ ಅಂತ ಎತ್ತಿಡಿ. ಉಳಿದದ್ದು ನಿಮ್ಮ ಆನ್ ರೋಡ್ ಮಿತಿ. ಇಷ್ಟು ಬೇಗ ಹೆಲ್ಮೆಟ್ ಯಾಕೆ ಅಂತ ಕೇಳಬಹುದು. ಕೊನೆಗೆ ಉಳಿದ ದುಡ್ಡಲ್ಲಿ ಕೊಂಡ ಹೆಲ್ಮೆಟ್ ಯಾವತ್ತೂ ರಸ್ತೆ ಬದಿಯ ಹೆಲ್ಮೆಟ್ಟೇ ಆಗಿರುತ್ತದೆ. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ಇರುವುದನ್ನೇ ಕೊಳ್ಳಿ. ಹಿಂದೆ ಕೂರುವವರಿಗೂ ಒಂದು ಬೇಕು. ನಮ್ಮ ರಾಜ್ಯದಲ್ಲಿ 2016ರಿಂದ ಅವರಿಗೂ ಕಡ್ಡಾಯ.

ಪಾಂಡಿಚೇರಿ ನಂಬರ್ ಹಾಕಿಸಿದರೆ ತೆರಿಗೆ ಉಳಿಯುತ್ತದೆ ಎಂಬ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಗಾಡಿ ಇಲ್ಲೇ ಓಡುವುದಾದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. ಸಿಕ್ಕಿಬಿದ್ದ ದಿನ ಗಾಡಿ ಆರ್‌ಟಿಒ ಅಂಗಳದಲ್ಲಿ ನಿಲ್ಲುತ್ತದೆ. ಆ ದಾರಿ ಬೇಡ.

## ಹಂತ 2: ಆಯ್ಕೆ ಮತ್ತು ಟೆಸ್ಟ್ ರೈಡ್

ಮೊದಲು ಶೋರೂಮ್‌ಗೆ ಹೋಗಬೇಡಿ. ನೀವು ನೋಡಿಟ್ಟ ಕಂಪನಿಯ ಸರ್ವಿಸ್ ಸೆಂಟರ್ ಮುಂದೆ ಒಂದು ಬೆಳಿಗ್ಗೆ ನಿಂತುಕೊಳ್ಳಿ. ಗಾಡಿ ಬಿಡಲು ಬಂದವರ ಹತ್ತಿರ ಮಾತಾಡಿ. ಬಿಡಿಭಾಗ ಕೌಂಟರ್‌ನಲ್ಲಿ ನಾಲ್ಕು ವಸ್ತುಗಳ ಬೆಲೆ ಕೇಳಿ: ಕ್ಲಚ್ ಲಿವರ್, ಹೆಡ್‌ಲೈಟ್ ಪೂರ್ತಿ ಸೆಟ್, ಚೈನ್ ಸ್ಪ್ರಾಕೆಟ್ ಕಿಟ್, ಮುಂದಿನ ಬ್ರೇಕ್ ಪ್ಯಾಡ್. "ಸ್ಟಾಕ್ ಇದೆಯಾ, ಆರ್ಡರ್ ಹಾಕಬೇಕಾ" ಅಂತಲೂ ಕೇಳಿ. ಶಿರಸಿಯಲ್ಲೋ ಮಡಿಕೇರಿಯಲ್ಲೋ ಇರುವವರಿಗೆ ಇದು ಇನ್ನೂ ಮುಖ್ಯ. ಒಂದು ಲಿವರ್‌ಗಾಗಿ ಹುಬ್ಬಳ್ಳಿಗೋ ಮೈಸೂರಿಗೋ ಓಡಬೇಕಾದರೆ ಆ ಬೈಕ್ ಎಷ್ಟೇ ಚೆನ್ನಾಗಿದ್ದರೂ ಕಷ್ಟ.

ಟೆಸ್ಟ್ ರೈಡ್‌ಗೆ ನಿಮ್ಮದೇ ಹೆಲ್ಮೆಟ್, ನೀವು ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡು ಹೋಗಿ. ಶೋರೂಮಿನ ಹುಡುಗ ಒಂದು ಸುತ್ತು ಹೊಡೆಸಿ "ಪಿಕಪ್ ಹೆಂಗಿದೆ ಸರ್" ಅನ್ನುತ್ತಾನೆ. ಪಿಕಪ್ ಎಲ್ಲರಿಗೂ ಇಷ್ಟವಾಗುತ್ತದೆ. ನೀವು ನೋಡಬೇಕಾದ್ದು ಬೇರೆ.

ಗಾಡಿಯನ್ನು ಸ್ಟ್ಯಾಂಡ್‌ನಿಂದ ಎತ್ತಿ, ಎಂಜಿನ್ ಆಫ್ ಮಾಡಿ, ಹಿಂದಕ್ಕೆ ತಳ್ಳಿ ನೋಡಿ. ಹಂಟರ್ 181 ಕಿಲೋ, ಕ್ಲಾಸಿಕ್ 350 ಸುಮಾರು 195 ಕಿಲೋ. ನಿಮ್ಮ ಮನೆ ಮುಂದಿನ ಇಳಿಜಾರಲ್ಲಿ ದಿನಾ ಇದನ್ನೇ ಮಾಡಬೇಕು. ಮೊದಲ ಗೇರ್‌ನಲ್ಲಿ ಕಾಲು ಇಡದೆ ಯು ಟರ್ನ್ ತೆಗೆದುಕೊಳ್ಳಿ. ಒಂದು ಹಂಪ್ ಮೇಲೆ ಹತ್ತಿಸಿ. 60 ಮತ್ತು 80ರ ವೇಗದಲ್ಲಿ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಲು ಆಗುತ್ತದೆಯಾ ನೋಡಿ. ಕನ್ನಡಿ ಮಸುಕಾದರೆ ಅಷ್ಟು ಕಂಪನ ಇದೆ ಅಂತ ಅರ್ಥ. ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತು ಎಂಜಿನ್ ಬಿಸಿ ತೊಡೆಗೆ ಎಷ್ಟು ತಾಗುತ್ತದೆ ಗಮನಿಸಿ.

ದಿನಾ ಡಬಲ್ಸ್ ಹೋಗುವವರು ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಅಮ್ಮ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಾರೆ ಅಂದರೆ ಹಾಗೇ ಕೂರಿಸಿ ನೋಡಿ. ಸ್ಪೋರ್ಟಿ ಬೈಕುಗಳ ಹಿಂದಿನ ಸೀಟಿನಲ್ಲಿ ಅವರಿಗೆ ಜಾಗವೇ ಇರುವುದಿಲ್ಲ. ಈ ಕೊರತೆಯನ್ನು ಯಾವ ಮಾಡಿಫಿಕೇಶನ್ನೂ ಸರಿ ಮಾಡುವುದಿಲ್ಲ.

## ಹಂತ 3: ಕೊಟೇಶನ್ ಸಾಲು ಸಾಲಾಗಿ ಓದಿ

ಎರಡು ಡೀಲರ್‌ಗಳಿಂದ ಬರಹದಲ್ಲಿ ಕೊಟೇಶನ್ ತನ್ನಿ. ವಾಟ್ಸಾಪ್‌ನಲ್ಲಿ ಬಂದ ಒಂದೇ ಸಾಲಿನ ಮೊತ್ತ ಲೆಕ್ಕಕ್ಕಿಲ್ಲ. ಎಕ್ಸ್ ಶೋರೂಮ್, ತೆರಿಗೆ, ನೋಂದಣಿ, ಇನ್ಶೂರೆನ್ಸ್ ಬೇರೆಬೇರೆಯಾಗಿ ಇರಬೇಕು. ಉಳಿದ ಪ್ರತಿ ಸಾಲಿಗೂ "ಇದು ಕಡ್ಡಾಯವಾ?" ಅಂತ ಕೇಳಿ.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡಾಕ್ಯುಮೆಂಟೇಶನ್, ಟೆಫ್ಲಾನ್ ಕೋಟಿಂಗ್, ಎಸೆನ್ಷಿಯಲ್ ಕಿಟ್: ಇವು ಯಾವುವೂ ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಹ್ಯಾಂಡ್ಲಿಂಗ್ ಚಾರ್ಜ್ ತೆಗೆಯಿರಿ ಅಂತ ನೇರವಾಗಿ ಹೇಳಿ. ಕೊಡಲೇಬೇಕು ಅಂದರೆ, ರಸೀದಿಯಲ್ಲಿ ಅದೇ ಹೆಸರಿನಲ್ಲಿ ಬರೆದುಕೊಡಿ ಅಂತ ಕೇಳಿದರೆ ಎಷ್ಟೋ ಸಲ ತಾನಾಗಿಯೇ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ದ್ವಿಚಕ್ರ ವಾಹನ ಕೊಂಡಾಗ ಬಿಐಎಸ್ ಗುಣಮಟ್ಟದ ಒಂದು ಹೆಲ್ಮೆಟ್ ಜೊತೆಗೆ ಕೊಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಕೇಳಿ ಪಡೆಯಿರಿ.

ಇನ್ಶೂರೆನ್ಸ್ ಶೋರೂಮ್‌ನಲ್ಲೇ ಮಾಡಿಸಬೇಕು ಎಂಬ ಕಾನೂನಿಲ್ಲ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಎಲ್ಲ ಕಂಪನಿಗೂ ಒಂದೇ, ಸರ್ಕಾರ ನಿಗದಿ ಮಾಡಿದ್ದು. ವ್ಯತ್ಯಾಸ ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ, ಅಂದರೆ ನಿಮ್ಮ ಗಾಡಿಗೇ ಆಗುವ ಹಾನಿಯ ವಿಮೆಯಲ್ಲಿ ಮಾತ್ರ. ಆದ್ದರಿಂದ ಎರಡು ಕೊಟೇಶನ್ ಹೋಲಿಸುವಾಗ ಆ ಒಂದು ಸಾಲನ್ನು ಮತ್ತು ವಾಹನದ ಘೋಷಿತ ಮೌಲ್ಯವನ್ನು, ಅಂದರೆ ಐಡಿವಿಯನ್ನು ನೋಡಿದರೆ ಸಾಕು. ಸವಕಳಿ ಕಳೆಯದೆ ಕ್ಲೇಮ್ ಕೊಡುವ ಜೀರೋ ಡೆಪ್ ಹಾಕಿಸಿ. ಇವತ್ತಿನ ಬೈಕುಗಳಲ್ಲಿ ಪ್ಲಾಸ್ಟಿಕ್ ಜಾಸ್ತಿ, ಜೀರೋ ಡೆಪ್ ಇಲ್ಲದಿದ್ದರೆ ಕ್ಲೇಮ್‌ನಲ್ಲಿ ಪ್ಲಾಸ್ಟಿಕ್ ಭಾಗಗಳ ಅರ್ಧ ದುಡ್ಡು ನಿಮ್ಮ ತಲೆ ಮೇಲೆ ಬರುತ್ತದೆ. ನಿಮ್ಮ ಹೆಸರಲ್ಲಿ ಈಗಾಗಲೇ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಮತ್ತೊಮ್ಮೆ ಅದಕ್ಕೆ ಕಟ್ಟುವ ಅಗತ್ಯವಿಲ್ಲ.

ಸಾಲ ಮಾಡುವವರು ಬಡ್ಡಿ "ಫ್ಲಾಟ್" ದರವೋ (ಕೊನೆವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ) "ರೆಡ್ಯೂಸಿಂಗ್" ದರವೋ (ಬಾಕಿ ಉಳಿದ ಸಾಲದ ಮೇಲೆ ಮಾತ್ರ ಬಡ್ಡಿ) ಅಂತ ಕೇಳಲೇಬೇಕು. ಒಂದು ಲಕ್ಷಕ್ಕೆ 3 ವರ್ಷ, ಶೇ. 8 ಫ್ಲಾಟ್ ಅಂದರೆ ಬಡ್ಡಿ 24,000, ತಿಂಗಳ ಕಂತು ಸುಮಾರು 3,445. ಕೇಳಲು ಕಡಿಮೆ. ಆದರೆ ಬ್ಯಾಂಕಿನ ರೆಡ್ಯೂಸಿಂಗ್ ಲೆಕ್ಕದಲ್ಲಿ ಇದು ಶೇ. 14.5ರ ಆಸುಪಾಸು. ಶೋರೂಮ್‌ನಲ್ಲಿ ಕೂತಿರುವ ಫೈನಾನ್ಸ್ ಹುಡುಗ ಕಂತನ್ನು ಮಾತ್ರ ಹೇಳುತ್ತಾನೆ.

ಎಚ್ಚರಿಕೆಯ ಲಕ್ಷಣ: "ಆಕ್ಸೆಸರಿ ಪ್ಯಾಕ್ ತಗೊಂಡರೆ ಮಾತ್ರ ಬೇಗ ಡೆಲಿವರಿ" ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

## ಹಂತ 4: ನೋಂದಣಿಗೆ ಮೊದಲು ಗಾಡಿ ಪರೀಕ್ಷೆ

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ಪರೀಕ್ಷೆಯನ್ನು ಡೆಲಿವರಿ ದಿನ ಮಾಡುತ್ತಾರೆ. ಅಷ್ಟೊತ್ತಿಗೆ ಇನ್‌ವಾಯ್ಸ್ ಆಗಿ, ನಿಮ್ಮ ಹೆಸರಲ್ಲಿ ನೋಂದಣಿಯೂ ಆಗಿರುತ್ತದೆ. ಟ್ಯಾಂಕ್ ಮೇಲೆ ಗೀಚು ಕಂಡರೆ ಆಗ "ಪಾಲಿಶ್ ಹೊಡೆದು ಕೊಡ್ತೀವಿ ಸರ್" ಬಿಟ್ಟರೆ ಬೇರೆ ಉತ್ತರ ಸಿಗುವುದಿಲ್ಲ.

ಕ್ರಮ ಹೀಗಿರಲಿ. ಬುಕ್ಕಿಂಗ್ ಮೊತ್ತ ಮಾತ್ರ ಕಟ್ಟಿ. ನಿಮಗೆ ಎತ್ತಿಟ್ಟ ಗಾಡಿಯ ಚಾಸಿ ನಂಬರ್ ಕೇಳಿ. ಗೋಡೌನ್‌ನಲ್ಲೋ ಸ್ಟಾಕ್‌ಯಾರ್ಡ್‌ನಲ್ಲೋ ಹೋಗಿ ಆ ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಒಪ್ಪಿಗೆಯಾದ ಮೇಲೆ ಬಾಕಿ ಕಟ್ಟಿ, ಅದೇ ಚಾಸಿ ನಂಬರಿಗೆ ಇನ್‌ವಾಯ್ಸ್ ಮಾಡಿಸಿ.

ಜೊತೆಗೆ ಟಾರ್ಚ್, ಟೈರ್ ಗಾಳಿ ಅಳೆಯುವ ಗೇಜ್, ಸಣ್ಣ ಮಲ್ಟಿಮೀಟರ್ ಒಯ್ಯಿರಿ.

ಮೊದಲು ತಯಾರಾದ ತಿಂಗಳು ನೋಡಿ. ಫಾರಂ 21ರಲ್ಲಿ, ಅಂದರೆ ಮಾರಾಟ ಪತ್ರದಲ್ಲಿ, ತಿಂಗಳು ವರ್ಷ ಬರೆಯಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2225 ಅಂತ ಇದ್ದರೆ 2025ರ 22ನೇ ವಾರದಲ್ಲಿ ತಯಾರಾದ ಟೈರ್. ಎರಡೂ ಟೈರಿನ ತಾರೀಕು ಗಾಡಿಯ ತಿಂಗಳಿಗೆ ಹತ್ತಿರ ಇರಬೇಕು. ಜನವರಿಯಲ್ಲಿ ಕೊಳ್ಳುವವರು ಇದನ್ನು ಎರಡು ಸಲ ನೋಡಿ, ಹಳೇ ವರ್ಷದ ಸ್ಟಾಕ್ ಇರುವ ಕಾಲ ಅದು. ಆಷಾಢದಲ್ಲಿ ನಮ್ಮಲ್ಲಿ ಗಾಡಿ ಕೊಳ್ಳುವವರು ಕಡಿಮೆ. ಆ ತಿಂಗಳಲ್ಲಿ ರಿಯಾಯಿತಿ ಕೇಳಲು ಅವಕಾಶ ಇದೆ, ನಿಂತಿರುವ ಗಾಡಿ ಸಿಗುವ ಸಾಧ್ಯತೆಯೂ ಇದೆ.

ಆಮೇಲೆ ಓಡೋಮೀಟರ್. ಕೆಲವೇ ಕಿಲೋಮೀಟರ್ ಇರಬೇಕು. ಐವತ್ತು ಅರವತ್ತು ತೋರಿಸಿದರೆ ಬೇರೆ ಗಾಡಿ ಕೇಳಿ. ಮುಂದಿನ ಫೋರ್ಕ್‌ನ ಸೀಲ್ ಸುತ್ತ ಬೆರಳು ಆಡಿಸಿ, ಎಣ್ಣೆ ಅಂಟಬಾರದು. ಎಂಜಿನ್ ಕೆಳಗೆ ಟಾರ್ಚ್ ಬಿಡಿ. ಚಕ್ರ ಎತ್ತಿ ತಿರುಗಿಸಿ, ಡಿಸ್ಕ್ ಸೊಟ್ಟ ತಿರುಗುತ್ತದೆಯಾ ನೋಡಿ. ಇಂಧನ ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ತುಕ್ಕು ಇದೆಯಾ ನೋಡಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5ರೊಳಗೆ ಬರಬೇಕು. ಈ ಎರಡು ಅಂಕಿಗಳನ್ನು ಬರೆದಿಡಿ, ಹಂತ 9ರಲ್ಲಿ ಬೇಕಾಗುತ್ತದೆ.

## ಹಂತ 5: ಡೆಲಿವರಿ ಮತ್ತು ಪೂಜೆ

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಎರಡೂ ಕಡೆ ಕೂರುವವರೆಗೆ ಗಾಡಿ ತರಬೇಡಿ. ಎರಡು ಕೀ, ಟೂಲ್ ಕಿಟ್, ಮಾಲೀಕರ ಕೈಪಿಡಿ, ಇನ್‌ವಾಯ್ಸ್, ವಿಮಾ ಪ್ರತಿ, ವಾರಂಟಿ ಕಾರ್ಡ್ ಎಣಿಸಿಕೊಳ್ಳಿ. ಹೊಗೆ ತಪಾಸಣೆ ಪತ್ರ ಮೊದಲ ಒಂದು ವರ್ಷ ಬೇಕಿಲ್ಲ.

ಆಯುಧಪೂಜೆಯ ದಿನವೇ ಬೇಕು ಎನ್ನುವವರು ಬಹಳ. ಆ ದಿನ ಶೋರೂಮ್‌ನಲ್ಲಿ ಜಾತ್ರೆ, ಯಾರಿಗೂ ಬೋಲ್ಟ್ ಬಿಗಿ ನೋಡುವಷ್ಟು ಬಿಡುವಿರುವುದಿಲ್ಲ. ಎರಡು ದಿನ ಮೊದಲೇ ಗಾಡಿ ತಂದು, ಪೂಜೆಯನ್ನು ಮನೆಯಲ್ಲೋ ಊರಿನ ದೇವಸ್ಥಾನದಲ್ಲೋ ಮಾಡಿ. ಪೂಜೆ ಮಾಡುವಾಗ ಡಿಸ್ಕ್ ಮೇಲೆ ಕುಂಕುಮ, ಎಣ್ಣೆ ಬೀಳದಂತೆ ನೋಡಿಕೊಳ್ಳಿ, ಪ್ಯಾಡ್ ಹಾಳಾಗುತ್ತದೆ. ಹಾರ ಮತ್ತು ಬಾಳೆಕಂದು ಕಟ್ಟಿದ್ದರೆ ಹೊರಡುವ ಮೊದಲು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಇಳಿಬಿದ್ದ ಹಾರ ಮುಂದಿನ ಚಕ್ರಕ್ಕೋ ಚೈನಿಗೋ ಸುತ್ತಿಕೊಂಡರೆ ಬೀಳುವುದು ನಿಶ್ಚಿತ. ಹೂವನ್ನು ಟ್ಯಾಂಕ್ ಮೇಲೆ ಇಟ್ಟರೂ ಪೂಜೆ ಪೂಜೆಯೇ.

ಶೋರೂಮ್‌ನವರು ಗಾಡಿಗೆ ಹಾಕುವ ಪೆಟ್ರೋಲ್ ಹತ್ತಿರದ ಬಂಕಿಗೆ ಸಾಕಾಗುವಷ್ಟೇ. ಅಲ್ಲೇ ಗಾಳಿಯನ್ನೂ ಸರಿ ಮಾಡಿಸಿ. ಸಾಗಿಸುವಾಗ ಜಾಸ್ತಿ ತುಂಬಿದ ಗಾಳಿಯನ್ನು ಎಷ್ಟೋ ಕಡೆ ಹಾಗೇ ಬಿಟ್ಟಿರುತ್ತಾರೆ.

## ಹಂತ 6: ಮೊದಲ ಸರ್ವಿಸ್‌ವರೆಗೆ ಏನನ್ನೂ ಬದಲಿಸಬೇಡಿ

ಮೊದಲ 500 ಕಿಲೋಮೀಟರ್ ಅಥವಾ ನಿಮ್ಮ ಕೈಪಿಡಿ ಹೇಳಿದಷ್ಟು ದೂರ ಎಂಜಿನ್ ಪಳಗುವ ಕಾಲ. ನಿಧಾನ ಹೋಗಬೇಕು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಪೂರ್ತಿ ಹೇಳುವುದಿಲ್ಲ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬಾರದು. ಮೇಲಿನ ಗೇರ್‌ನಲ್ಲಿ ಎಂಜಿನ್ ಏದುಸಿರು ಬಿಡುವ ಹಾಗೆ ಎಳೆಯಲೂಬಾರದು. ವೇಗ ಏರಿಸುತ್ತಾ ಇಳಿಸುತ್ತಾ ಇರಿ. ಹೆದ್ದಾರಿಗಿಂತ ಊರೊಳಗಿನ ಓಡಾಟ ಇದಕ್ಕೆ ಒಳ್ಳೆಯದು.

ಹೊಸ ಟೈರ್ ಮೇಲೆ ನಯವಾದ ಪದರ ಇರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ತಿರುವುಗಳಲ್ಲಿ ಬಾಗಿಸಬೇಡಿ, ಮಳೆಯಲ್ಲಂತೂ ಬೇಡವೇ ಬೇಡ. ಬ್ರೇಕ್ ಪ್ಯಾಡ್ ಕೂಡ ಡಿಸ್ಕ್‌ಗೆ ಕೂರಬೇಕು; ಮೆಲ್ಲಗೆ, ಪದೇಪದೇ ಹಿಡಿಯಿರಿ.

ಈ ದಿನಗಳಲ್ಲಿ ಮಾಡಬೇಕಾದ ಒಂದು ಕೆಲಸ ಇದೆ. ಫೋನಿನಲ್ಲಿ ಒಂದು ಟಿಪ್ಪಣಿ ಇಟ್ಟುಕೊಂಡು, ಪ್ರತಿ ಉದ್ದ ಓಟದ ನಂತರ ಎಲ್ಲಿ ನೋವಾಯಿತು, ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಬರೆಯಿರಿ. ಮಣಿಕಟ್ಟು, ಬೆನ್ನಿನ ಕೆಳಭಾಗ, ಬಾಲಮೂಳೆ, ಮಂಡಿ, ಕುತ್ತಿಗೆ. ರಾತ್ರಿ ಬೆಳಕು ಸಾಲಲಿಲ್ಲವಾ? ಹಂಪ್‌ನಲ್ಲಿ ಡಬಲ್ಸ್ ಹೋದಾಗ ಕೆಳಗೆ ತಾಗಿತಾ? ಮುಂದೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಹೇಳುವುದು ಈ ಟಿಪ್ಪಣಿ.

ಮೊದಲ ಸರ್ವಿಸ್‌ಗೆ ದಿನ, ಕಿಲೋಮೀಟರ್ ಎರಡೂ ಮಿತಿ ಇರುತ್ತದೆ. ಯಾವುದು ಮೊದಲು ಬಂದರೆ ಅದು. ತಪ್ಪಿಸಿದರೆ ವಾರಂಟಿಗೆ ತೊಂದರೆ.

## ಹಂತ 7: ಮೊದಲ ಬದಲಾವಣೆ ನಿಮ್ಮ ಮೈಗೆ

ಇಲ್ಲಿಂದ ಮಾಡಿಫಿಕೇಶನ್ ಶುರು. ಆದರೆ ಮೊದಲ ಕೆಲಸಕ್ಕೆ ದುಡ್ಡೇ ಬೇಡ, ಆಲೆನ್ ಕೀ ಮತ್ತು ಸ್ಪ್ಯಾನರ್ ಸಾಕು.

ಮಣಿಕಟ್ಟು ನೋಯುತ್ತಿದ್ದರೆ ಲಿವರ್‌ಗಳ ಕೋನ ನೋಡಿ. ಸೀಟಿನಲ್ಲಿ ಸಹಜವಾಗಿ ಕೂತು ಎರಡು ಬೆರಳನ್ನು ಲಿವರ್ ಮೇಲೆ ಇಡಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇರಬೇಕು. ಕಾರ್ಖಾನೆಯಿಂದ ಬರುವಾಗ ಲಿವರ್ ಎಷ್ಟೋ ಸಲ ಮೇಲೆ ಇರುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಕ್ಲಾಂಪ್ ಸಡಿಲಿಸಿ ಸ್ವಲ್ಪ ಕೆಳಗೆ ತಿರುಗಿಸಿ ಬಿಗಿ ಮಾಡಿ. ಗೇರ್ ಪೆಡಲ್ ಎತ್ತರವನ್ನೂ ನಿಮ್ಮ ಶೂಗೆ ತಕ್ಕಂತೆ ಹೊಂದಿಸಿ. ನೋವು ಅರ್ಧಕ್ಕರ್ಧ ಇಲ್ಲೇ ಹೋಗುತ್ತದೆ.

ಹಂಪ್‌ನಲ್ಲಿ ತಾಗುತ್ತಿದ್ದರೆ ಹಿಂದಿನ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಒಂದೆರಡು ಹಲ್ಲು ಗಟ್ಟಿ ಮಾಡಿ. ಒಬ್ಬರೇ ಓಡಾಡುವಾಗ ವಾಪಸ್ ಇಳಿಸಿ.

ಬಾಲಮೂಳೆ ನೋವಿಗೆ ಸೀಟು. ಊರಿನ ಸೀಟ್ ಕೆಲಸದವರ ಹತ್ತಿರ ಗಟ್ಟಿ ಫೋಮ್ ಹಾಕಿಸಬಹುದು. ಮೆತ್ತಗಿರುವುದು ಒಳ್ಳೆಯದು ಅಂದುಕೊಳ್ಳಬೇಡಿ. ಮೆತ್ತನೆ ಫೋಮ್ ಅರ್ಧ ಗಂಟೆಯಲ್ಲಿ ಕುಗ್ಗಿ ಮೂಳೆ ಕೆಳಗಿನ ಪ್ಲಾಸ್ಟಿಕ್‌ಗೆ ತಾಗುತ್ತದೆ. ಸಾಧ್ಯವಾದರೆ ಮೂಲ ಸೀಟನ್ನು ಕತ್ತರಿಸದೆ ಇನ್ನೊಂದು ಸೀಟಿನ ಮೇಲೆ ಕೆಲಸ ಮಾಡಿಸಿ.

ಬೆನ್ನು ಇನ್ನೂ ಬಾಗುತ್ತಿದ್ದರೆ ಮಾತ್ರ ಹ್ಯಾಂಡಲ್ ಎತ್ತರಿಸುವ ರೈಸರ್. ಹಾಕಿಸಿದ ಮೇಲೆ ಈ ಪರೀಕ್ಷೆ ತಪ್ಪಿಸಬೇಡಿ: ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಯು ಟರ್ನ್‌ನಲ್ಲಿ ಗಾಡಿ ತಾನಾಗಿ ಮುಂದೆ ನುಗ್ಗುತ್ತದೆ. ಬ್ರೇಕ್ ಹೋಸ್ ಬಿಗಿದು ನಿಂತಿದೆಯಾ ಅಂತಲೂ ಅದೇ ಹೊತ್ತಿಗೆ ನೋಡಿ.

ಬಣ್ಣಬಣ್ಣದ ಗಿಡ್ಡ ಲಿವರ್‌ಗಳ ಬಗ್ಗೆ ಒಂದು ಮಾತು. ಅಗ್ಗದ ಬ್ರೇಕ್ ಲಿವರ್‌ನ ತುದಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಲಿವರ್‌ನಲ್ಲಿ ಆಟವೇ ಇರುವುದಿಲ್ಲ. ಓಡುತ್ತಾ ಬ್ರೇಕ್ ಆಯಿಲ್ ಬಿಸಿಯಾಗಿ ಹಿಗ್ಗಿದಂತೆ ಪ್ಯಾಡ್ ಡಿಸ್ಕನ್ನು ಹಿಡಿಯುತ್ತಾ ಹೋಗುತ್ತದೆ, ಕೊನೆಗೆ ಚಕ್ರವೇ ನಿಲ್ಲಬಹುದು. ಕೈ ಬಿಟ್ಟಾಗಲೂ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಅದೇ ಸೂಚನೆ. ಕೂಡಲೇ ಮೂಲ ಲಿವರ್ ಹಾಕಿ.

## ಹಂತ 8: ರಕ್ಷಣೆ, ಲಗೇಜ್, ಟೈರ್

ಕ್ರ್ಯಾಶ್ ಗಾರ್ಡ್ ನಿಮ್ಮ ಮಾಡೆಲ್‌ಗೆ ಮಾಡಿದ್ದೇ ಆಗಿರಲಿ, ಫ್ರೇಮ್‌ನ ಬೋಲ್ಟ್‌ಗೆ ಕೂರಲಿ. ಎಂಜಿನ್ ಬೋಲ್ಟ್ ಬಿಚ್ಚಿ ಹಾಕುವಂಥದ್ದಾದರೆ ಟಾರ್ಕ್ ವ್ರೆಂಚ್ ಇರುವವರ ಹತ್ತಿರವೇ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ಥರದ ಗಾರ್ಡ್ ಸಿಗುತ್ತವೆ; ಕೊಳ್ಳುವಾಗ ವೆಲ್ಡಿಂಗ್ ಗೆರೆ ನೋಡಿ, ಪೈಪಿನ ದಪ್ಪ ನೋಡಿ. ಬಣ್ಣದಿಂದ ಏನೂ ತಿಳಿಯುವುದಿಲ್ಲ. ಲಿಕ್ವಿಡ್ ಕೂಲ್ಡ್ ಗಾಡಿಗೆ ರೇಡಿಯೇಟರ್ ಗಾರ್ಡ್ ಮರೆಯಬೇಡಿ. ಜಲ್ಲಿ ರಸ್ತೆಯಲ್ಲಿ ಒಂದು ಕಲ್ಲು ಸಾಕು.

ಹಿಂದಿನ ರ‍್ಯಾಕ್ ಮೇಲೆ ಎಷ್ಟು ಕಿಲೋ ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ. ಭಾರ ಕೆಳಗಿರಲಿ, ಮುಂದಿರಲಿ.

ಟೈರ್ ದಪ್ಪ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಕಂಪನಿ ಹೇಳಿದ ಅಳತೆಯನ್ನೇ ಹಾಕಿ. ಅದೇ ರಿಮ್‌ಗೆ ಎರಡು ಮೂರು ಸೈಜ್ ದೊಡ್ಡ ಟೈರ್ ಹಾಕಿದರೆ ಟೈರ್ ಹಿಂಡಿಕೊಂಡು ಅಂಚು ದುಂಡಗಾಗುತ್ತದೆ. ಚೈನಿಗೆ ಉಜ್ಜಬಹುದು, ಗಾಡಿ ತಿರುಗಲು ಭಾರವಾಗುತ್ತದೆ, ಸ್ಪೀಡೋಮೀಟರ್ ತಪ್ಪು ಹೇಳುತ್ತದೆ.

ಸೀರೆ ಗಾರ್ಡ್, ಹಿಂದಿನ ಹಿಡಿಕೆ, ಹಿಂದಿನ ಫುಟ್‌ರೆಸ್ಟ್ ತೆಗೆಸುವವರಿಗೆ: ಹಿಂಬದಿ ಸವಾರರಿಗಾಗಿ ಇವು ಇರಲೇಬೇಕು ಎಂದು ಕೇಂದ್ರ ನಿಯಮ 123 ಹೇಳುತ್ತದೆ. ಸೆರಗು, ದುಪ್ಪಟ್ಟಾ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಮ್ಮ ಊರುಗಳಲ್ಲಿ ಹೊಸದಲ್ಲ. ದಯವಿಟ್ಟು ತೆಗೆಸಬೇಡಿ.

## ಹಂತ 9: ವಿದ್ಯುತ್ ಕೆಲಸ ಎಲ್ಲಕ್ಕಿಂತ ಕೊನೆಗೆ

ಬ್ಯಾಟರಿ ಇಳಿಯುವುದು, ಎಂಜಿನ್ ಲೈಟ್ ಹತ್ತುವುದು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ನಿಲ್ಲಿಸುವುದು, ಎಷ್ಟೋ ಸಲ ಗಾಡಿಗೇ ಬೆಂಕಿ ಹತ್ತುವುದು: ಹೆಚ್ಚಿನವುಗಳ ಬೇರು ಒಂದೇ, ಕತ್ತರಿಸಿದ ವೈರ್. ಈಗಿನ ಬಿಎಸ್6 (ಹೊಗೆ ಮಿತಿಯ ಈಗಿನ ಮಾನದಂಡ) ಗಾಡಿಗಳಲ್ಲಿ ಬಹಳಷ್ಟು ವೈರುಗಳು ಯಾವುದೋ ಸೆನ್ಸರ್‌ಗೆ ಸಂಬಂಧಪಟ್ಟಿರುತ್ತವೆ. ಮೆಕ್ಯಾನಿಕ್ ಬ್ಲೇಡ್ ಕೈಗೆ ತೆಗೆದುಕೊಂಡು ಮೂಲ ವೈರಿನ ಸಿಪ್ಪೆ ಸುಲಿಯಲು ಹೊರಟರೆ ಅಲ್ಲೇ ನಿಲ್ಲಿಸಿ. ವಾರಂಟಿಯೂ ಅಲ್ಲಿಗೇ ಮುಗಿಯುತ್ತದೆ.

ಹೆಚ್ಚುವರಿ ದೀಪ ಹಾಕಿಸುವ ಸರಿಯಾದ ದಾರಿ ಇದು. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ ಮೊದಲು ಫ್ಯೂಸ್, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) 30ನೇ ಕಾಲಿಗೆ. 87ನೇ ಕಾಲಿನಿಂದ ದೀಪಕ್ಕೆ. 86ನೇ ಕಾಲಿಗೆ ಕೀ ಆನ್ ಮಾಡಿದಾಗ ಮಾತ್ರ ವಿದ್ಯುತ್ ಬರುವ ಲೈನ್, ಸ್ವಿಚ್ ಮೂಲಕ. 85 ಅರ್ತಿಂಗ್‌ಗೆ. ಹೀಗೆ ಮಾಡಿದರೆ ಹ್ಯಾಂಡಲ್ ಮೇಲಿನ ಸ್ವಿಚ್‌ನಲ್ಲಿ ಹರಿಯುವುದು ಸಣ್ಣ ಕರೆಂಟ್ ಮಾತ್ರ, ಭಾರವನ್ನು ರಿಲೇ ಹೊರುತ್ತದೆ. ಕೀ ತೆಗೆದರೆ ದೀಪ ಆರುತ್ತದೆ.

ಫ್ಯೂಸ್ ಲೆಕ್ಕ ಸುಲಭ. 20 ವಾಟ್‌ನ ಎರಡು ದೀಪ ಅಂದರೆ 40 ವಾಟ್. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 3.3 ಆಂಪಿಯರ್. 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಪದೇಪದೇ ಹೋಗುತ್ತಿದೆ ಅಂತ 20ರ ಫ್ಯೂಸ್ ಹಾಕುವವರಿದ್ದಾರೆ. ಆಗ ಫ್ಯೂಸ್ ಬದಲು ವೈರ್ ಉರಿಯುತ್ತದೆ.

ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ತನ್ನಿ. ಎಂಜಿನ್ ಐಡ್ಲಿಂಗ್‌ನಲ್ಲಿ, ಎಲ್ಲ ದೀಪ ಆನ್ ಇರುವಾಗ ಬ್ಯಾಟರಿ ವೋಲ್ಟೇಜ್ ನೋಡಿ. ಹಂತ 4ರಲ್ಲಿ ಬರೆದಿಟ್ಟ ಅಂಕಿಗೆ ಹೋಲಿಸಿ. 12.6ಕ್ಕಿಂತ ಕೆಳಗಿಳಿದರೆ ಗಾಡಿ ತಯಾರಿಸುವುದಕ್ಕಿಂತ ಜಾಸ್ತಿ ನೀವು ಖರ್ಚು ಮಾಡುತ್ತಿದ್ದೀರಿ. ಟ್ರಾಫಿಕ್‌ನಲ್ಲಿ ಬ್ಯಾಟರಿ ಖಾಲಿಯಾಗುತ್ತಲೇ ಹೋಗುತ್ತದೆ.

ದೀಪದ ಮುಖ ನೆಲಕ್ಕಿರಲಿ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರಿಂದ ಕರ್ನಾಟಕ ಪೊಲೀಸರು ಕೇಸು ಹಾಕುತ್ತಿದ್ದಾರೆ, ಹಾಕಬೇಕಾದ್ದೇ. ಚಾರ್ಮಾಡಿಯಂಥ ಘಾಟಿಯ ಮಂಜಿನಲ್ಲಿ ಎದುರಿನಿಂದ ಅಂಥ ದೀಪ ಬಂದರೆ ರಸ್ತೆಯ ಅಂಚೇ ಕಾಣುವುದಿಲ್ಲ.

ಮೊಬೈಲ್ ಚಾರ್ಜರನ್ನೂ ಕೀ ಲೈನ್‌ನಿಂದಲೇ ಕೊಡಿ. ಹೋಲ್ಡರ್‌ಗೆ ಕಂಪನ ತಡೆಯುವ ಡ್ಯಾಂಪರ್ ಇರಲಿ. ಬೈಕಿನ ಕಂಪನಕ್ಕೆ ಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

## ಹಂತ 10: ಮುಟ್ಟಬಾರದವು, ಮತ್ತು ವಿಮಾ ಕಂಪನಿಗೆ ಪತ್ರ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಸ್ಪಷ್ಟವಾಗಿದೆ. ಆರ್‌ಸಿಯಲ್ಲಿ ಇರುವ ವಿವರಕ್ಕೂ ತಯಾರಕರು ಕೊಟ್ಟ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ದಂಡ ಪ್ರತಿ ಬದಲಾವಣೆಗೆ 5,000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ಎಂಜಿನ್, ಚಾಸಿ, ಪೂರ್ತಿ ಬಣ್ಣ: ಇವು ಮೂರೂ ಆ ಪಟ್ಟಿಗೆ ಬರುತ್ತವೆ. ಬಣ್ಣ ಬದಲಿಸಲೇಬೇಕು ಅಂದರೆ ಮೊದಲು ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ.

ಸೈಲೆನ್ಸರ್ ಬೇರೆ ಸೆಕ್ಷನ್, ಇನ್ನೂ ಕಠಿಣ. ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹ. ವಶಪಡಿಸಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ನೋಡಿದ್ದೇವೆ. ಕಾನೂನು ಬಿಟ್ಟರೂ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಬಿಎಸ್6 ಗಾಡಿ ಸರಿಯಾಗಿ ಓಡುವುದಿಲ್ಲ. ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಎಂಜಿನ್ ಲೈಟ್ ಹತ್ತುತ್ತದೆ. ಆಸ್ಪತ್ರೆ ಪಕ್ಕದ ಮನೆಯವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಆಗುವ ಹಿಂಸೆಯನ್ನೂ ನೆನೆಯಿರಿ. ಇದನ್ನು ಮಾಡಿಸಲೇಬೇಡಿ.

ಉಳಿದ ಬದಲಾವಣೆಗಳಾದ ಮೇಲೆ ವಿಮಾ ಕಂಪನಿಗೆ ಇಮೇಲ್ ಕಳಿಸಿ. ಏನೇನು ಹಾಕಿಸಿದ್ದೀರಿ, ಬೆಲೆ ಎಷ್ಟು, ಬಿಲ್ ಪ್ರತಿ, ಫೋಟೋ. ಸ್ವಲ್ಪ ಪ್ರೀಮಿಯಂ ಸೇರಿಸಿ ಆಕ್ಸೆಸರಿಯನ್ನೂ ಪಾಲಿಸಿಗೆ ಸೇರಿಸುತ್ತಾರೆ. ಹೇಳದೇ ಬಿಟ್ಟರೆ ಕ್ಲೇಮ್ ದಿನ ಸರ್ವೇಯರ್ ಅದನ್ನೇ ಮೊದಲು ಹಿಡಿಯುತ್ತಾನೆ.

## ಹಂತ 11: ನೂರು ಕಿಲೋಮೀಟರ್ ನಂತರದ ತಪಾಸಣೆ

ಏನೇ ಹೊಸದಾಗಿ ಹಾಕಿಸಿದರೂ ನೂರು ಕಿಲೋಮೀಟರ್ ಓಡಿಸಿ ಪ್ರತಿ ಬೋಲ್ಟ್ ಮತ್ತೆ ಬಿಗಿ ನೋಡಿ. ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿದರೆ ಸಡಿಲವಾಗುವುದು ಕಡಿಮೆ. ಬಿಗಿ ಮಾಡಿದ ಬೋಲ್ಟ್ ಮೇಲೆ ಬಿಳಿ ಪೇಂಟ್‌ನಿಂದ ಗೆರೆ ಎಳೆಯಿರಿ. ಮುಂದೆ ಗೆರೆ ಜರುಗಿದ್ದರೆ ದೂರದಿಂದಲೇ ಕಾಣುತ್ತದೆ.

ಈ ಲಕ್ಷಣಗಳು ಕಂಡರೆ ಗಾಡಿ ಓಡಿಸಬೇಡಿ: ಬ್ರೇಕ್ ಹಿಡಿಯದೆ ಡಿಸ್ಕ್ ಕೈ ಸುಡುವಷ್ಟು ಬಿಸಿ, ಕೈ ಸಡಿಲಿಸಿದಾಗ ಹ್ಯಾಂಡಲ್ ನಡುಗುವುದು, ಸೀಟಿನ ಕೆಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಓಡುವಾಗ ಎಬಿಎಸ್ ದೀಪ ಆರದೇ ಇರುವುದು, ಟೈರ್ ಪಕ್ಕದಲ್ಲಿ ಉಜ್ಜಿದ ಗುರುತು. ಕೊನೆಗೆ ಹಾಕಿಸಿದ ವಸ್ತುವನ್ನು ಮೊದಲು ತೆಗೆದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿದ್ದರೆ ತಪ್ಪು ಯಾವುದರದ್ದು ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಒಂದೇ ಭಾನುವಾರ ಆರು ವಸ್ತು ಹಾಕಿಸಿದವರು ವಾರಗಟ್ಟಲೆ ಹುಡುಕುತ್ತಾರೆ.

ತೆಗೆದ ಮೂಲ ಭಾಗಗಳನ್ನು ಬಟ್ಟೆಯಲ್ಲಿ ಸುತ್ತಿ, ಅವುಗಳ ಬೋಲ್ಟ್‌ಗಳನ್ನು ಹೆಸರು ಬರೆದ ಕವರಿನಲ್ಲಿ ಹಾಕಿ, ಒಂದೇ ಪೆಟ್ಟಿಗೆಯಲ್ಲಿ ಇಡಿ. ವಾರಂಟಿಗೆ ಹೋಗುವಾಗ, ಗಾಡಿ ಮಾರುವಾಗ ಅವು ಬೇಕು. ಸಾಲ ತೀರಿದ ದಿನ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಕೆಲಸವನ್ನೂ ಆ ವಾರವೇ ಮುಗಿಸಿ.